ಆಕಾಶದಿಂದ ಇಳಿದುಬಂದ ಸರಾಸರಿ ಮನುಷ್ಯ

ಆರೋಗ್ಯ ತಪಾಸಣೆ ಮಾಡಿಸಿಕೊಂಡವರ ಕೈಗೆ ಬರುವ ವರದಿಯಲ್ಲಿ ರಕ್ತದೊತ್ತಡ, ಸಕ್ಕರೆ, ಕೊಬ್ಬು ಮುಂತಾದ ಅಂಕಿಗಳ ನಡುವೆ ‘ಬಿ.ಎಂ.ಐ.’ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಕಿಲೋಗ್ರಾಂಗಳಲ್ಲಿ ತೂಗಿದ ದೇಹಭಾರವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಭಾಗಲಬ್ಧವೇ ಅದು. 170 ಸೆಂಟಿಮೀಟರ್ ಎತ್ತರ, 65 ಕಿಲೋ ತೂಕವುಳ್ಳವರಿಗೆ ಅದು ಸುಮಾರು 22.5 ಆಗುತ್ತದೆ. ಅಂಕಿಯು 25ಕ್ಕಿಂತ ಕಡಮೆಯಿದ್ದರೆ ವರದಿಯನ್ನು ಮಡಿಸಿಟ್ಟು ನಿಶ್ಚಿಂತರಾಗುವವರು ಬಹಳ ಮಂದಿ. ಈ ನಿಶ್ಚಿಂತೆಗೆ ಎಷ್ಟು ಆಧಾರವುಂಟು ಎಂಬುದನ್ನು ತಿಳಿಯಬೇಕಾದರೆ ಅಂಕಿಯ ವಂಶಾವಳಿಯನ್ನು ಸ್ವಲ್ಪ ಕೆದಕಬೇಕಾಗುತ್ತದೆ. ಇದನ್ನು ಮೊದಲು ಹವಣಿಸಿದವನು ವೈದ್ಯನಲ್ಲ, ಒಬ್ಬ ಖಗೋಳಶಾಸ್ತ್ರಜ್ಞ. ಅವನು ಇದನ್ನು ಕಟ್ಟಿದ್ದು ರೋಗಿಗಳಿಗಾಗಿಯೂ ಅಲ್ಲ.

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ 1794ರಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ತರುಣನು ಸಹಾಯಕನಾಗಿ ಸೇರಿದನು. ನಕ್ಷತ್ರವೊಂದು ದೂರದರ್ಶಕದೊಳಗಿನ ಸಣ್ಣ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸುವುದು ಅವನ ಕೆಲಸ. ಕಿವಿಯು ಗಡಿಯಾರದ ಸೆಕೆಂಡಿನ ಬಡಿತವನ್ನು ಎಣಿಸುತ್ತಿರಬೇಕು. ಕಣ್ಣು ನಕ್ಷತ್ರವನ್ನು ಹಿಂಬಾಲಿಸುತ್ತಿರಬೇಕು. ಎರಡನ್ನೂ ಕೂಡಿಸಿ ಸೆಕೆಂಡಿನ ಹತ್ತನೆಯ ಒಂದು ಅಂಶದವರೆಗೆ ಕಾಲವನ್ನು ಅಂದಾಜು ಮಾಡಬೇಕು. 1795ರ ಆಗಸ್ಟಿನ ವೇಳೆಗೆ ಕಿನ್ನೆಬ್ರೂಕನ ಅಳತೆಗಳು ಮೇಲಧಿಕಾರಿ ಮಾಸ್ಕೆಲೈನನ ಅಳತೆಗಳಿಗಿಂತ ಅರ್ಧ ಸೆಕೆಂಡು ಹಿಂದೆ ಬೀಳತೊಡಗಿದವು. ಎಚ್ಚರಿಕೆ ಕೊಟ್ಟ ಮೇಲೂ ವ್ಯತ್ಯಾಸವು ಬೆಳೆದು 0.8 ಸೆಕೆಂಡಿಗೆ ಮುಟ್ಟಿತು. 1796ರ ಆರಂಭದಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಲಾಯಿತು. ಭೂಮಧ್ಯರೇಖೆಯ ಮೇಲಿನ ನೆಲವು ಒಂದು ಸೆಕೆಂಡಿಗೆ ಸುಮಾರು 465 ಮೀಟರ್ ತಿರುಗುವುದರಿಂದ 0.8 ಸೆಕೆಂಡಿನ ತಪ್ಪು ಅಲ್ಲಿ ಮುನ್ನೂರೆಪ್ಪತ್ತು ಮೀಟರಿನಷ್ಟಾಗುತ್ತದೆ. ನೌಕೆಗಳ ರೇಖಾಂಶವನ್ನು ನಿರ್ಣಯಿಸಲು ನೆರವಾಗುವುದೇ ಮುಖ್ಯ ಕರ್ತವ್ಯವಾಗಿದ್ದ ವೀಕ್ಷಣಾಲಯಕ್ಕೆ ಅದು ಕ್ಷುಲ್ಲಕವಾಗಿರಲಿಲ್ಲ.

ಕಿನ್ನೆಬ್ರೂಕನು 1802ರಲ್ಲಿಯೇ ತೀರಿಕೊಂಡನು. ಅವನು ಸೋಮಾರಿಯಾಗಿರಲಿಲ್ಲವೆಂಬುದು ಲೋಕಕ್ಕೆ ತಿಳಿದದ್ದು ತಡವಾಗಿ. ಜರ್ಮನಿಯ ಬೆಸೆಲ್ ಎಂಬ ಖಗೋಳಜ್ಞನು ಈ ಪ್ರಸಂಗವನ್ನು ಓದಿ ಕುತೂಹಲಗೊಂಡು 1820ರ ಸುಮಾರಿಗೆ ತನ್ನ ಅಳತೆಗಳನ್ನು ಇತರ ನುರಿತ ವೀಕ್ಷಕರ ಅಳತೆಗಳೊಡನೆ ಹೋಲಿಸಿ ನೋಡಿದನು. ಒಬ್ಬರೊಡನೆ ಒಂದು ಸೆಕೆಂಡಿಗೂ ಮಿಕ್ಕ ಅಂತರವೇ ಕಂಡುಬಂದಿತು! ಒಬ್ಬೊಬ್ಬನ ಕಣ್ಣು ಕಿವಿಗಳಿಗೂ ಒಂದೊಂದು ನಡೆ ಇದೆ. ಅದು ಅಲಕ್ಷ್ಯವಲ್ಲ, ಪ್ರಕೃತಿ ಎಂಬುದು ಅಂದಿನಿಂದ ಶಾಸ್ತ್ರದಲ್ಲಿ ಸೇರಿತು. ಅದಕ್ಕೆ ‘ವೈಯಕ್ತಿಕ ಸಮೀಕರಣ’ವೆಂದು ಹೆಸರಾಯಿತು.

ಅಳತೆಗಳು ಒಂದಕ್ಕೊಂದು ಹೊಂದದೆ ಇರುವಾಗ ಸತ್ಯವನ್ನು ಆರಿಸುವುದು ಹೇಗೆ? ಬ್ಯಾಂಕಿನ ಲೆಡ್ಜರಿನಲ್ಲಿ ಹತ್ತು ಪೈಸೆಯ ವ್ಯತ್ಯಾಸ ಕಂಡರೂ ಅದನ್ನು ಹುಡುಕಿ ತೆಗೆಯದೆ ಗುಮಾಸ್ತನು ಮನೆಗೆ ಹೋಗುವಂತಿಲ್ಲ. ಆಕಾಶದ ಲೆಕ್ಕದಲ್ಲಾದರೋ ತಪ್ಪು ಎಲ್ಲಿದೆಯೆಂದು ಹುಡುಕುವುದೇ ಅಸಾಧ್ಯ. ಇದೆಯೆಂದು ಒಪ್ಪಿಕೊಂಡೇ ಲೆಕ್ಕ ಮುಗಿಸಬೇಕು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೋದಲ್ಲಿ ಪಿಯಾಟ್ಸಿಯು ಸಿರೀಸ್ ಎಂಬ ಹೊಸ ಆಕಾಶಕಾಯವನ್ನು ಕಂಡನು. ಫೆಬ್ರವರಿ 11ರವರೆಗೆ ಅದನ್ನು ಗುರುತಿಸಿಕೊಂಡದ್ದಾಯಿತು. ಅನಂತರ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಇಷ್ಟು ಕಿರಿದಾದ ಅವಧಿಯ ಅಳತೆಗಳಿಂದ ಅದರ ಕಕ್ಷೆಯನ್ನು ಲೆಕ್ಕಹಾಕಿ, ಅದು ಮತ್ತೆ ಎಲ್ಲಿ ಕಾಣಿಸುವುದೆಂದು ಹೇಳಿದವನು 24 ವರ್ಷದ ಗೌಸ್. ಅದೇ ವರ್ಷದ ಕೊನೆಯ ರಾತ್ರಿ ಸಿರೀಸ್ ಅವನು ಸೂಚಿಸಿದ ಕಡೆಯಲ್ಲೇ ಸಿಕ್ಕಿತು. ಅಳತೆಗಳಿಗೂ ನಾವು ಒಪ್ಪುವ ಬೆಲೆಗೂ ನಡುವಣ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಆ ಮೊತ್ತವು ಅತ್ಯಂತ ಕಡಮೆಯಾಗುವಂತೆ ಬೆಲೆಯನ್ನು ಆರಿಸಬೇಕೆಂಬ ‘ಕನಿಷ್ಠ ವರ್ಗ’ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರನು 1805ರಲ್ಲಿ ಪ್ರಕಟಿಸಿದನು. ತಾನು 1795ರಿಂದಲೇ ಅದನ್ನು ಬಳಸುತ್ತಿದ್ದೆನೆಂದು ಗೌಸ್ 1809ರಲ್ಲಿ ಬರೆದು ಲೆಜಾಂಡ್ರನ ಕೋಪಕ್ಕೆ ಗುರಿಯಾದನು. ಪಂಡಿತರ ಜಗಳ ಹಾಗಿರಲಿ. ಒಂದೇ ವಸ್ತುವನ್ನು ಹಲವು ಸಲ ಅಳೆದಾಗ ಈ ವಿಧಾನವು ಕೊಡುವ ಉತ್ತರವು ನಮ್ಮೆಲ್ಲರಿಗೂ ಪರಿಚಿತವಾದ ಸರಾಸರಿಯೇ ಆಗಿದೆ.

ಇಲ್ಲಿಯವರೆಗೆ ಎಲ್ಲವೂ ನಕ್ಷತ್ರಗಳ ವ್ಯವಹಾರ. ಅದನ್ನು ನೆಲಕ್ಕೆ ಇಳಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ. 1796ರಲ್ಲಿ ಗೆಂಟ್ ನಗರದಲ್ಲಿ ಹುಟ್ಟಿ, ಗಣಿತದಲ್ಲಿ 1819ರಲ್ಲಿ ಡಾಕ್ಟರೇಟ್ ಪಡೆದ ಈತನು ಬ್ರಸೆಲ್ಸಿನಲ್ಲಿ ವೀಕ್ಷಣಾಲಯ ಕಟ್ಟಿಸುವ ಹಂಬಲದಿಂದ 1823ರಲ್ಲಿ ಪ್ಯಾರಿಸ್ಸಿಗೆ ಹೋದನು. ಅಲ್ಲಿ ಅವನಿಗೆ ಖಗೋಳದ ಉಪಕರಣಗಳ ಜೊತೆಗೆ ಸಂಭವನೀಯತೆಯ ಗಣಿತದ ರುಚಿಯೂ ಹತ್ತಿತು. ಜನನ, ಮರಣ, ವಿವಾಹ, ಅಪರಾಧಗಳ ಸರ್ಕಾರಿ ಪಟ್ಟಿಗಳನ್ನು ಹರವಿಕೊಂಡು ಕುಳಿತವನಿಗೆ ಅವುಗಳಲ್ಲಿ ಗ್ರಹಗತಿಯಂತಹ ಕ್ರಮವೇ ಕಂಡಿತು. ಫ್ರಾನ್ಸಿನಲ್ಲಿ ವರ್ಷ ವರ್ಷವೂ ಬಹುಮಟ್ಟಿಗೆ ಅಷ್ಟೇ ಅಪರಾಧಗಳು! ಹಾಗಾದರೆ ಅಪರಾಧಕ್ಕೆ ಅಪರಾಧಿಯೊಬ್ಬನೇ ಹೊಣೆಯಲ್ಲ, ಸಮಾಜದ ಸ್ಥಿತಿಯೂ ಹೊಣೆ ಎಂದು ಅವನು ವಾದಿಸಿದನು. ಇಂದಿನ ಸಮಾಜವಿಜ್ಞಾನದ ಹಲವು ಬೇರುಗಳು ಈ ಮಾತಿನಲ್ಲಿವೆ. ಫ್ಲಾರೆನ್ಸ್ ನೈಟಿಂಗೇಲಳು ಅವನನ್ನು ಬಹುವಾಗಿ ಗೌರವಿಸುತ್ತಿದ್ದಳು.

1835ರಲ್ಲಿ ಪ್ರಕಟವಾದ ಮಾನವನನ್ನು ಕುರಿತ ಗ್ರಂಥದಲ್ಲಿ ಕೆಟ್ಲೆಯು ‘ಸರಾಸರಿ ಮನುಷ್ಯ’ನನ್ನು ಲೋಕಕ್ಕೆ ಪರಿಚಯಿಸಿದನು. ಮುಂದೆ 1846ರಲ್ಲಿ 5,738 ಮಂದಿ ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯನ್ನು ವಿಶ್ಲೇಷಿಸಿದನು. 39 ಮತ್ತು 40 ಅಂಗುಲದವರೇ ಹೆಚ್ಚು; ಇಬ್ಬದಿಗೂ ಹೋದಂತೆ ಸಂಖ್ಯೆಯು ಇಳಿಯುತ್ತಾ ಹೋಗುತ್ತದೆ. ಖಗೋಳದ ದೋಷಗಳು ಹರಡಿಕೊಳ್ಳುವ ರೀತಿಯೂ ಇದೇ. ಒಂದೇ ಪ್ರತಿಮೆಯನ್ನು ಸಾವಿರ ಮಂದಿ ಅಳೆದರೆ ಅಳತೆಗಳು ಹೇಗೆ ಚದುರುವುವೋ ಹಾಗೆಯೇ ಪ್ರಕೃತಿಯು ಒಬ್ಬ ಆದರ್ಶ ಪುರುಷನನ್ನು ಗುರಿಯಾಗಿಟ್ಟುಕೊಂಡು, ಸಣ್ಣಪುಟ್ಟ ತಪ್ಪುಗಳೊಡನೆ ನಮ್ಮನ್ನೆಲ್ಲ ನಿರ್ಮಿಸುತ್ತಿದೆಯೆಂದು ಅವನು ಭಾವಿಸಿದನು.

ಸಾದೃಶ್ಯವು ಮೋಹಕವಾಗಿದೆ, ಎಡವಿದ್ದೂ ಇಲ್ಲಿಯೇ. ಆಕಾಶದಲ್ಲಿ ನಕ್ಷತ್ರವು ನಿಜವಾಗಿ ಒಂದೇ ಕಡೆ ಇದೆ. ಚದುರಿರುವುದು ನಮ್ಮ ಅಳತೆಗಳು ಮಾತ್ರ. ಸೈನ್ಯದಲ್ಲಾದರೋ 36 ಅಂಗುಲದ ಎದೆಯೂ ನಿಜ, 44 ಅಂಗುಲದ ಎದೆಯೂ ನಿಜ; ಇಲ್ಲದಿರುವುದು ಆ ಸರಾಸರಿಯ ಮನುಷ್ಯ. ಕೆಟ್ಲೆಯ ಲೆಕ್ಕದಲ್ಲಿ ಸರಾಸರಿಯಿಂದ ದೂರವಾದ ಪ್ರತಿಯೊಬ್ಬನೂ ಪ್ರಕೃತಿಯ ಒಂದು ತಪ್ಪಾಗಿಬಿಟ್ಟನು. ಕಿನ್ನೆಬ್ರೂಕನಿಗೆ ಆದ ಅನ್ಯಾಯವು ಈಗ ಇಡೀ ಮನುಷ್ಯಕುಲಕ್ಕೆ ಅನ್ವಯವಾದಂತಾಯಿತು!

ಆದರೂ ಕೆಟ್ಲೆಯ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ದೇಹವು ಎಲ್ಲ ದಿಕ್ಕಿಗೂ ಸಮನಾಗಿ ಬೆಳೆಯುವುದಾದರೆ ತೂಕವು ಎತ್ತರದ ಘನಕ್ಕೆ ಅನುಗುಣವಾಗಿರಬೇಕು. ವಯಸ್ಕರಲ್ಲಿ ಅದು ವರ್ಗಕ್ಕೆ ಅನುಗುಣವಾಗಿದೆಯೆಂದು ಅವನು ತೋರಿಸಿಕೊಟ್ಟನು. ಇದು ಜನಸಮೂಹದ ಬೆಳವಣಿಗೆಯನ್ನು ಕುರಿತ ಒಂದು ನಿಯಮವೇ ಹೊರತು ಸ್ಥೂಲಕಾಯದ ಪರೀಕ್ಷೆಯಲ್ಲ. ಅದನ್ನು ಕೊಬ್ಬಿನ ಅಳತೆಗೋಲಾಗಿ ಪರೀಕ್ಷಿಸಿ ಇಂದಿನ ಹೆಸರನ್ನು ರೂಢಿಗೆ ತಂದವನು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕ ಗಂಡಸರ ಅಳತೆಗಳು ಅವನ ಮತ್ತು ಸಂಗಡಿಗರ ಕೈಯಲ್ಲಿದ್ದವು. ಆ ಐದರಲ್ಲಿ ಭಾರತವು ಇರಲಿಲ್ಲ.

ಸರಾಸರಿಯ ಮನುಷ್ಯನನ್ನು ನಂಬಿ ತಾಂತ್ರಿಕರೂ ಮೋಸಹೋದದ್ದುಂಟು. ಯುದ್ಧವಿಮಾನದ ಚಾಲಕನ ಆಸನವನ್ನು ಸರಾಸರಿ ಚಾಲಕನಿಗೆ ಹೊಂದುವಂತೆ ನಿರ್ಮಿಸುವುದು ಅಮೆರಿಕದಲ್ಲಿ ವಾಡಿಕೆಯಾಗಿತ್ತು. 1950ರ ಹೊತ್ತಿಗೆ ಅಲ್ಲಿಯ ವಾಯುದಳದ 4,063 ಚಾಲಕರನ್ನು ಅಳೆದದ್ದಾಗಿತ್ತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕನು ಆಸನಕ್ಕೆ ಸಂಬಂಧಪಟ್ಟ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲಿಯೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿಯೆಂದು ಎಣಿಸಿದನು. ಉತ್ತರ ಸೊನ್ನೆ. ಒಬ್ಬನಿಗೆ ತೋಳು ಉದ್ದ, ಕಾಲು ಗಿಡ್ಡ. ಇನ್ನೊಬ್ಬನಿಗೆ ಎದೆ ಅಗಲ, ಸೊಂಟ ಸಣ್ಣ. ಎಲ್ಲರಿಗಾಗಿ ಮಾಡಿದ ಆಸನವು ಯಾರಿಗೂ ಸರಿಹೊಂದುತ್ತಿರಲಿಲ್ಲ. ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದಾದ ಆಸನಗಳ ಕಡೆಗೆ ವಾಯುದಳವು ತಿರುಗಿದುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಒಂದೊಂದೇ ಅಳತೆಯನ್ನು ಬೇರೆ ಬೇರೆಯಾಗಿ ನೋಡದೆ ಎಲ್ಲವನ್ನೂ, ಅವುಗಳ ಪರಸ್ಪರ ಸಂಬಂಧದೊಡನೆ, ಒಟ್ಟಾಗಿ ನೋಡುವ ಗಣಿತವು ರೂಪುಗೊಂಡದ್ದರಲ್ಲಿ ಭಾರತದ ಪಾಲು ದೊಡ್ಡದು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪಿ.ಸಿ. ಮಹಲನೋಬಿಸ್ ಅವರು ಆ ನಗರದ ಆಂಗ್ಲೋ-ಇಂಡಿಯನ್ನರ ದೇಹಮಾನಗಳನ್ನು 1920ರ ದಶಕದಲ್ಲಿ ಅಭ್ಯಾಸ ಮಾಡತೊಡಗಿದರು. ಎರಡು ಜನಸಮೂಹಗಳ ನಡುವಣ ‘ದೂರ’ವನ್ನು ಹಲವು ಅಳತೆಗಳಿಂದ ಒಟ್ಟಿಗೆ ನಿರ್ಣಯಿಸುವ ಸೂತ್ರವು 1936ರ ಅವರ ಪ್ರಬಂಧದಲ್ಲಿ ಪೂರ್ಣರೂಪ ತಾಳಿತು, ಇಂದಿಗೂ ಅದು ಅವರ ಹೆಸರಿನಿಂದಲೇ ಜಗತ್ತಿನಲ್ಲಿ ಬಳಕೆಯಲ್ಲಿದೆ. 1931ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹತ್ತು ವರ್ಷಗಳ ತರುವಾಯ ಸೇರಿದ ತರುಣ ಸಿ.ಆರ್. ರಾವ್. ಮನೆಮಾತು ತೆಲುಗು, ಓದಿದ್ದು ಆಂಧ್ರದಲ್ಲಿ. ಆದುದರಿಂದ ಅವರನ್ನು ಕನ್ನಡಿಗರೆಂದು ಸಾಧಿಸಹೊರಡುವುದು ಬೇಡ. ಆದರೆ ಅವರು 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ ಎಂಬ ಸಂತೋಷವನ್ನು ಯಾರೂ ತಡೆಯಲಾರರು. 1946ರಲ್ಲಿ ಕೇಂಬ್ರಿಜಿನ ವಸ್ತುಸಂಗ್ರಹಾಲಯಕ್ಕೆ ಹೋಗಿ, ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳನ್ನು ಮಹಲನೋಬಿಸರ ಸೂತ್ರದಿಂದ ವಿಶ್ಲೇಷಿಸಿ, ಅಲ್ಲಿಯೇ ಡಾಕ್ಟರೇಟ್ ಪಡೆದರು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷದ ಆಗಸ್ಟಿನಲ್ಲಿ, 102ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಈಗ ತಪಾಸಣೆಯ ವರದಿಗೆ ಮರಳಬಹುದು. ಭಾರತೀಯರ ವಿಷಯದಲ್ಲಿ ಈ ಒಂಟಿ ಅಂಕಿಯು ಹೇಗೆ ದಾರಿ ತಪ್ಪಿಸುತ್ತದೆಂಬುದನ್ನು ಎಲ್ಲಕ್ಕಿಂತ ಸರಳವಾಗಿ ತೋರಿಸಿದವರು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರೂ ತಮ್ಮ ತಮ್ಮ ದೇಹದ ಲೆಕ್ಕವನ್ನೇ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿದ್ದ ಕೊಬ್ಬು ನೂರಕ್ಕೆ 9.1 ಪಾಲು, ಯಾಜ್ಞಿಕರದು ನೂರಕ್ಕೆ 21.2! ತಕ್ಕಡಿಗೆ ಸ್ನಾಯುವೂ ಒಂದೇ, ಕೊಬ್ಬೂ ಒಂದೇ; ಯಾವುದು ಎಷ್ಟೆಂದು ಅದು ಹೇಳುವುದಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆಯ ಸುತ್ತ ಕೊಬ್ಬು ಕೂಡಿರುವ ನಮ್ಮ ಜನಕ್ಕೆ ಮಧುಮೇಹವು ಯುರೋಪಿನವರಿಗಿಂತ ಕಡಮೆ ತೂಕದಲ್ಲಿಯೇ, ಕಡಮೆ ವಯಸ್ಸಿನಲ್ಲಿಯೇ ಗಂಟುಬೀಳುತ್ತದೆ. ದಿನವಿಡೀ ಕುರ್ಚಿಯ ಮೇಲೆ ಕುಳಿತು, ಸಂಜೆ ಲೋಕಲ್ ಗಾಡಿಯಲ್ಲಿ ಜೋತಾಡಿ ಮನೆ ಸೇರುವ ನಗರವಾಸಿಗೆ ‘ನೀವು ಸಪೂರವಾಗಿದ್ದೀರಿ’ ಎಂಬ ಮೆಚ್ಚುಗೆಯು ರಕ್ಷಣೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸಾಮಾನ್ಯ ಮಿತಿಗಳನ್ನು ಹಾಗೆಯೇ ಉಳಿಸಿಕೊಂಡು, ಏಷ್ಯಾದವರಿಗೆ 23 ಮತ್ತು 27.5 ಎಂಬ ಎಚ್ಚರಿಕೆಯ ಅಂಕಿಗಳನ್ನು ಸೇರಿಸಿದರು. ಭಾರತದ ವೈದ್ಯರು 2009ರ ಒಮ್ಮತದ ಹೇಳಿಕೆಯಲ್ಲಿ 23ನ್ನು ಅಧಿಕ ತೂಕದ ಆರಂಭವೆಂದೂ 25ನ್ನು ಸ್ಥೂಲಕಾಯದ ಆರಂಭವೆಂದೂ ಇಟ್ಟುಕೊಂಡರು. ಜೊತೆಗೆ ಸೊಂಟದ ಸುತ್ತಳತೆಯನ್ನೂ ನೋಡಬೇಕೆಂದು, ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರುಗಳ ಮಿತಿಯನ್ನು ಸೂಚಿಸಿದರು. ತಕ್ಕಡಿಯು ಹೇಳದ ಮಾತನ್ನು ದರ್ಜಿಯ ಟೇಪು ಒಂದಿಷ್ಟು ಹೇಳುತ್ತದೆ. ರಕ್ತದ ಸಕ್ಕರೆಯ ಪರೀಕ್ಷೆಯು ಇನ್ನಷ್ಟು ಹೇಳುತ್ತದೆ. ಮನೆತನದಲ್ಲಿ ಮಧುಮೇಹವಿದ್ದವರು ತೂಕ ಕಡಮೆಯೆಂದು ಅದನ್ನು ಮುಂದೂಡುವುದು ತರವಲ್ಲ.

ಈ ವಿಷಯದಲ್ಲಿ ಮೈಸೂರಿನ ಹೆಸರೂ ಬರುತ್ತದೆಂಬುದನ್ನು ಹೊರನಾಡಿನ ಕನ್ನಡಿಗರು ಕೇಳಿರಲಾರರು. ಮೈಸೂರಿಗರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿಯ ವೈದ್ಯರೂ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಕಂಡದ್ದೂ ಅದೇ. ಮಧುಮೇಹದ ಲೆಕ್ಕ ಮಾತ್ರ ಹಾಗೆ ಹೊಂದಲಿಲ್ಲ. ಯುರೋಪಿನಲ್ಲಿ ತೂಕ ಕಡಮೆಯಾಗಿ ಹುಟ್ಟಿದವರಿಗೆ ಅದು ಹೆಚ್ಚಾಗಿ ಬರುತ್ತಿದ್ದರೆ, ಮೈಸೂರಿನಲ್ಲಿ ಗಿಡ್ಡಗೆ ದುಂಡಗೆ ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ, ಅದು ಹೆಚ್ಚಾಗಿ ಬಂದಿತ್ತು. ತಾಯಿಯ ಬಸುರಿನ ದಿನಗಳಲ್ಲಿಯೇ ಸಕ್ಕರೆ ಏರಿರಬಹುದೇ ಎಂಬ ಪ್ರಶ್ನೆಯು ಅಲ್ಲಿಂದ ಹುಟ್ಟಿತು. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಸಕ್ಕರೆಯನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಶಿಶುಗಳನ್ನು ಅಳೆದು, ಆ ಮಕ್ಕಳು ಬೆಳೆದಂತೆಲ್ಲ ಮತ್ತೆ ಮತ್ತೆ ಕರೆಸಿ ಅಳೆಯುತ್ತ ಬಂದದ್ದು ಈ ಪ್ರಶ್ನೆಯನ್ನು ಹಿಡಿದೇ.