ವಂಶವೃಕ್ಷದಲ್ಲಿ ಹೆಣ್ಣುಮಕ್ಕಳಿಗೆ ಜಾಗವೆಲ್ಲಿ?

ಇಂಗ್ಲೆಂಡಿನ ಯಾವುದಾದರೂ ಹಳೆಯ ಭೂಮಾಲೀಕ ಮನೆತನದ ಪೂರ್ವಜರನ್ನು ಹುಡುಕಲು ಹೊರಟವರಿಗೆ ದಾರಿ ಬಹುಮಟ್ಟಿಗೆ ಸಿದ್ಧವಾಗಿಯೇ ಇದೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಚರ್ಚೂ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞಾಪಿಸಿದ. 1530ರಿಂದ 1688ರವರೆಗೆ ರಾಜನ ಲಾಂಛನಾಧಿಕಾರಿಗಳು ಜಿಲ್ಲೆ ಜಿಲ್ಲೆ ಸುತ್ತಿ, ಕುಲೀನರೆಂದು ಹೇಳಿಕೊಂಡವರ ವಂಶಾವಳಿಗಳನ್ನು ಪರಿಶೀಲಿಸಿ ದಾಖಲಿಸಿದರು. 1837ರಿಂದ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಅದೇ ದಶಕದಲ್ಲಿ ಬರ್ಕ್ ಎಂಬಾತ ಭೂಮಾಲೀಕ ಮನೆತನಗಳ ವಂಶಾವಳಿಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದ. ಇವುಗಳಿಗೆ ಉಯಿಲುಗಳನ್ನೂ ಭೂದಾಖಲೆಗಳನ್ನೂ ಸೇರಿಸಿಕೊಂಡರೆ, ತಾಳ್ಮೆಯುಳ್ಳವರು ಹತ್ತು ಹನ್ನೆರಡು ತಲೆಮಾರುಗಳಷ್ಟು ಹಿಂದಕ್ಕೆ ಹೋಗಿಬರಬಹುದು.

ಈ ಶ್ರದ್ಧೆ ಕೇವಲ ಪಿತೃಭಕ್ತಿಯಿಂದ ಹುಟ್ಟಿದ್ದಲ್ಲ. ಅದರ ಬೇರು ಜಮೀನಿನಲ್ಲಿತ್ತು. ಹಿರಿಯ ಮಗನಿಗೇ ಸ್ಥಿರಾಸ್ತಿಯೆಲ್ಲ ಸಲ್ಲುವ ಪದ್ಧತಿ ಅಲ್ಲಿ ಶತಮಾನಗಳ ಕಾಲ ನಡೆಯಿತು. ಗಂಡುಮಕ್ಕಳಿಲ್ಲದ ಮನೆಯ ಎಸ್ಟೇಟು, ಹೆಣ್ಣುಮಕ್ಕಳು ಕಣ್ಣೆದುರಿಗೇ ಇದ್ದರೂ, ದೂರದ ಗಂಡು ದಾಯಾದಿಯ ಪಾಲಾಗುವಂತೆ ಕಟ್ಟು ಮಾಡಿಡಬಹುದಾಗಿತ್ತು. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಐವರು ಹೆಣ್ಣುಮಕ್ಕಳ ತಾಯಿ ಪಡುವ ಆತಂಕದ ಮೂಲ ಇದೇ. ಉಯಿಲಿಲ್ಲದೆ ಸತ್ತವರ ಸ್ಥಿರಾಸ್ತಿ ಹಿರಿಯ ಮಗನಿಗೇ ಹೋಗುವ ನಿಯಮ ರದ್ದಾದದ್ದು 1925ರ ಶಾಸನದಿಂದ. ವಂಶಾವಳಿ ಎಂದರೆ ಮೊದಲಿಗೆ ಆಸ್ತಿಯ ಕಾಗದ, ಅದು ಚರಿತ್ರೆಯಾಗುವುದು ಆಮೇಲೆ. ಯಾರು ಯಾರಿಗೆ ಹುಟ್ಟಿದರು ಎಂಬ ಪ್ರಶ್ನೆಯ ಹಿಂದೆ ಯಾರಿಗೆ ಏನು ಸೇರಬೇಕು ಎಂಬ ಪ್ರಶ್ನೆ ಸದಾ ನಿಂತಿರುತ್ತದೆ. ಅರ್ಥಶಾಸ್ತ್ರ ಓದಿ, ಮುಂದೆ ಕಂದಾಯದ ಕಡತಗಳ ನಡುವೆ ಬಹುಕಾಲ ಕಳೆದ ನನಗೆ ಇದು ಅನುಭವದಿಂದ ಮನದಟ್ಟಾದ ಮಾತು.

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. 19ನೇ ಶತಮಾನದಲ್ಲಿ ಥಾಮಸ್ ಕ್ಯಾನನ್ ಮೊದಲಾದ ಆಂಗ್ಲ ಪ್ಲಾಂಟರುಗಳು ಬಾಬಾಬುಡನ್ ಗಿರಿಯ ಆಸುಪಾಸಿನಲ್ಲಿ ಕಾಫಿ ತೋಟಗಳನ್ನು ತೆರೆದರು. ಆ ಕಾಲದ ಭಾರತದಲ್ಲಿದ್ದ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವಿವರಗಳು ಪಾದ್ರಿಗಳ ಮೂಲಕ ಲಂಡನ್ನಿಗೆ ರವಾನೆಯಾಗುತ್ತಿದ್ದವು. ಆ ದಾಖಲೆಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೀಗಾಗಿ ಈ ಮಲೆಯಲ್ಲಿ ಬಾಳಿ ಅಳಿದ ಪ್ಲಾಂಟರನೊಬ್ಬನ ಮರಿಮಗಳು ಇಂಗ್ಲೆಂಡಿನಲ್ಲಿ ಕುಳಿತೇ ಮುತ್ತಜ್ಜನ ಜಾಡು ಹಿಡಿಯಬಲ್ಲಳು. ಅದೇ ತೋಟದಲ್ಲಿ ಗಿಡ ನೆಟ್ಟು, ಹಣ್ಣು ಬಿಡಿಸಿದ ಆಳಿನ ಮರಿಮಗಳಿಗೆ ಅಂತಹ ಪುಸ್ತಕ ಎಲ್ಲಿಯೂ ಇಲ್ಲ. ಆಸ್ತಿಯಿಲ್ಲದವರ ವಂಶವನ್ನು ಯಾರೂ ಬರೆದಿಡಲಿಲ್ಲ.

ನಮ್ಮಲ್ಲಿಯೂ ವಂಶ ಬರೆದಿಡುವ ಪರಂಪರೆಗೆ ಕೊರತೆಯಿರಲಿಲ್ಲ. ಇದೇ ಜಿಲ್ಲೆಯ ಅಂಗಡಿ ಗ್ರಾಮದಿಂದ ಮೇಲೆದ್ದ ಹೊಯ್ಸಳರು ತಮ್ಮ ಶಾಸನಗಳಲ್ಲಿ ವಂಶವನ್ನು ಪುರಾಣದ ಯದುವಿನವರೆಗೂ ಒಯ್ದರು. ಟ್ಯೂಡರ್ ಕಾಲದ ಇಂಗ್ಲಿಷ್ ಹೊಸ ಶ್ರೀಮಂತರು ತಮ್ಮ ಮೂಲವನ್ನು ನಾರ್ಮನ್ ವೀರರಲ್ಲಿ ಹುಡುಕಿದ್ದೂ ಇದೇ ಬಗೆಯದು. ಅಧಿಕಾರ ಕೈಗೆ ಬಂದ ಮೇಲೆ ಪೂರ್ವಜರು ತಾವಾಗಿಯೇ ದೊರೆಯುತ್ತಾರೆ.

ತರೀಕೆರೆಯ ಪಾಳೆಯಗಾರರ ಮನೆತನವನ್ನೇ ತೆಗೆದುಕೊಳ್ಳೋಣ. ಇದರ ಬೇರುಗಳು ಬಸವಾಪಟ್ಟಣ, ಸಂತೇಬೆನ್ನೂರುಗಳಲ್ಲಿವೆ. ಸಂತೇಬೆನ್ನೂರಿನ ಸುಂದರ ಪುಷ್ಕರಣಿ ಈ ಮನೆತನದ ಹನುಮಪ್ಪ ನಾಯಕನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಬಿಜಾಪುರದ ಸೈನ್ಯದ ಒತ್ತಡಕ್ಕೆ ಸಿಕ್ಕಿ ಮೂಲಸ್ಥಾನ ಬಿಟ್ಟ ಮನೆತನ ತರೀಕೆರೆಯಲ್ಲಿ ನೆಲೆ ನಿಂತಿತು. 1830ರ ನಗರ ದಂಗೆಯಲ್ಲಿ ಈ ಮನೆತನದವರು ಮುಂಚೂಣಿಯಲ್ಲಿದ್ದರು. ಆ ದಂಗೆಯ ಪರಿಣಾಮವಾಗಿಯೇ 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡು, 1881ರವರೆಗೆ ನಡೆಸಿದರು. ಇಷ್ಟು ದೊಡ್ಡ ಪಾತ್ರ ವಹಿಸಿದ ಮನೆತನದ ಪೀಳಿಗೆಗಳನ್ನು ಬಿಡಿಸಿ ನೋಡಲು ಹೋದರೆ ಅಜ್ಜನ ಹೆಸರೇ ಮೊಮ್ಮಗನಿಗೆ ಬಂದು, ಒಬ್ಬ ಹನುಮಪ್ಪ ನಾಯಕನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದೇ ಕಷ್ಟವಾಗುತ್ತದೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕರ್ನಲ್ ಮೆಕೆಂಜಿ ಕೈಫಿಯತ್ತುಗಳನ್ನು ಸಂಗ್ರಹಿಸಲು ಹೊರಟಾಗ, ನಾಡಿನ ಹಲವು ಪಾಳೆಯಗಾರ ಮನೆತನಗಳ ವಂಶಾವಳಿಗಳು ಅವನ ಸಂಗ್ರಹಕ್ಕೆ ಬಂದು ಸೇರಿದವು. ಕಳೆದುಹೋದ ಸೀಮೆಯ ಮೇಲಿನ ಹಕ್ಕಿನ ನೆನಪು ಆ ಬರಹಗಳ ಉದ್ದಕ್ಕೂ ಹರಿಯುತ್ತದೆ.

ಅರಸರಿಗೆ ಶಾಸನಗಳಿದ್ದಂತೆ ಒಕ್ಕಲು ಮನೆಗಳಿಗೆ ಹೆಳವರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದು ಮಾಡುತ್ತ ಬರುತ್ತಿದ್ದ ಹೆಳವ, ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಿದ್ದ. ಯಾವ ಊರಿನಿಂದ ಏಕೆ ಗುಳೆ ಬಂದರು, ಯಾವ ದೇವರ ಒಕ್ಕಲು, ಯಾವ ಬೆಡಗು ಎಂಬುದೆಲ್ಲ ಅವನ ನಾಲಗೆಯ ಮೇಲಿತ್ತು, ಕೆಲವೊಮ್ಮೆ ಅವನ ಚೀಲದ ಹಳೆಯ ಪುಸ್ತಕದಲ್ಲಿತ್ತು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸವನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಇಂಗ್ಲೆಂಡಿನಲ್ಲಿ ಪಾದ್ರಿ ಮಾಡಿದ ಕೆಲಸವನ್ನು ಇಲ್ಲಿ ಹೆಳವ ನೆನಪಿನ ಬಲದಿಂದ ಮಾಡಿದ. ಆದರೆ ಅವನು ಹೇಳುತ್ತಿದ್ದ ವಂಶದ ಬೆನ್ನೆಲುಬು ಗಂಡುಸಂತಾನದ್ದೇ. ಮದುವೆಯಾಗಿ ಹೋದ ಹೆಣ್ಣುಮಗಳ ಮಕ್ಕಳು ಬೇರೊಂದು ಮನೆಯ ಹೆಳವನ ಲೆಕ್ಕಕ್ಕೆ ಸೇರಿದವರು.

ಈಗ ಹೆಳವನ ಜಾಗಕ್ಕೆ ಸರ್ಕಾರಿ ವಂಶವೃಕ್ಷ ಬಂದಿದೆ. ವಂಶಪಾರಂಪರ್ಯ ಶಾನುಭೋಗಿಕೆ, ಪಟೇಲಿಕೆಗಳು 1963ರಲ್ಲಿ ಕೊನೆಗೊಂಡ ಮೇಲೆ ಆ ಹೊಣೆ ಗ್ರಾಮ ಲೆಕ್ಕಿಗರಿಗೆ ಬಂತು. ಇಂದು ಅವರನ್ನು ಗ್ರಾಮ ಆಡಳಿತಾಧಿಕಾರಿ ಎಂದು ಕರೆಯುತ್ತೇವೆ. ಖಾತೆದಾರ ತೀರಿಕೊಂಡಾಗ ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷ ಬೇಕು. ಅರ್ಜಿದಾರ ತನ್ನ ಮನೆಯ ಸದಸ್ಯರನ್ನು ತಾನೇ ಪ್ರಮಾಣ ಮಾಡಿ ಹೇಳುತ್ತಾನೆ, ನೆರೆಹೊರೆಯವರು ಮಹಜರಿಗೆ ರುಜು ಹಾಕುತ್ತಾರೆ, ಅಧಿಕಾರಿ ದೃಢೀಕರಿಸುತ್ತಾರೆ. ನೋಡಲು ಸರಳ. ಆದರೆ ಆ ಒಂದು ಹಾಳೆಯಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಎಂಬುದರ ಮೇಲೆ ಒಂದು ಮನೆಯ ಮುಂದಿನ ಐವತ್ತು ವರ್ಷ ನಿಂತಿರುತ್ತದೆ.

ಸೇವೆಯಲ್ಲಿದ್ದಾಗ ಹಲವೆಡೆ ಇಂತಹ ನೂರಾರು ವಂಶವೃಕ್ಷಗಳು ನನ್ನ ಮೇಜಿನ ಮೇಲೆ ಬಂದುಹೋದವು. ಅವುಗಳಲ್ಲಿ ಪದೇ ಪದೇ ಕಂಡದ್ದು ಒಂದೇ ಚಿತ್ರ. ಮೃತನ ಹೆಸರು, ಅದರ ಕೆಳಗೆ ಎರಡೋ ಮೂರೋ ಗಂಡುಮಕ್ಕಳ ಹೆಸರು. ವಿಚಾರಿಸಿದರೆ, ‘ಹೆಣ್ಣುಮಕ್ಕಳನ್ನು ಕೊಟ್ಟಾಗಿದೆ ಸ್ವಾಮಿ’ ಎಂಬ ಉತ್ತರ. ಸುಳ್ಳು ಹೇಳುತ್ತಿದ್ದೇವೆ ಎಂಬ ಭಾವ ಹೇಳುವವರ ಮುಖದಲ್ಲಿ ಇರುತ್ತಿರಲಿಲ್ಲ. ಕೊಟ್ಟ ಹೆಣ್ಣು ಕುಲದಿಂದ ಹೊರಗೆ ಎಂಬುದು ಅವರ ಪ್ರಾಮಾಣಿಕ ನಂಬಿಕೆಯೇ ಆಗಿತ್ತು. ಆದ್ದರಿಂದಲೇ ಈ ತಪ್ಪು ವಂಚನೆಗಿಂತ ಹೆಚ್ಚು ಗಟ್ಟಿಯಾದದ್ದು.

ಕಾನೂನು ಮಾತ್ರ ಬಹಳ ಹಿಂದೆಯೇ ಬೇರೆ ದಾರಿ ಹಿಡಿದಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾದಾಗ ವಿಧವೆ, ತಾಯಿ, ಅವಿವಾಹಿತ ಮಗಳು ಮೊದಲಾದವರಿಗೆ ಪಾಲು ದೊರಕುವಂತೆ ಮಾಡಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗೆ ಆಸ್ತಿ ಹಕ್ಕು ಕೊಟ್ಟ ಶಾಸನ ಬಂದದ್ದು ಇದಾದ ನಾಲ್ಕು ವರ್ಷಗಳ ಮೇಲೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಮಗಳನ್ನೂ ಸಹದಾಯಾದಿಯನ್ನಾಗಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಆ ದಿನಾಂಕದಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಿಭಾಗಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಖಾತೆಯ ನಮೂದು ಒಡೆತನವನ್ನು ಸೃಷ್ಟಿಸುವುದಿಲ್ಲ, ಬಿಟ್ಟುಹೋದ ಮಗಳು ನ್ಯಾಯಾಲಯಕ್ಕೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಶಾಸ್ತ್ರಕ್ಕೆ ಇದು ಸರಿ. ವ್ಯವಹಾರದಲ್ಲಿ ಪಹಣಿಯಲ್ಲಿ ಹೆಸರಿದ್ದವರಿಗೇ ಬ್ಯಾಂಕು ಸಾಲ ಕೊಡುತ್ತದೆ, ಕೊಳ್ಳುವವರು ಅವರಿಂದಲೇ ಕ್ರಯ ಬರೆಸಿಕೊಳ್ಳುತ್ತಾರೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳಿಗಾಗಿ ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಜಮೀನು ಸ್ವಾಧೀನವಾಗಿದೆ. ಇಂತಹ ಕಡೆಗಳಲ್ಲಿ ಪರಿಹಾರದ ಹಣ ಒಮ್ಮೆ ಹಂಚಿಹೋದ ಮೇಲೆ ಮರಳಿ ಪಡೆಯುವುದು ಸುಲಭವಲ್ಲ. ಮೂವತ್ತು ಗುಂಟೆಯ ಪಾಲಿಗಾಗಿ ಅಣ್ಣನ ಮೇಲೆ ದಾವೆ ಹೂಡಿ, ಕಡೂರಿನ ಬಸ್ಸು ಹತ್ತಿ ವರ್ಷಗಟ್ಟಲೆ ವಾಯಿದೆಗೆ ಅಲೆಯುವ ಶಕ್ತಿ ಎಷ್ಟು ಹೆಣ್ಣುಮಕ್ಕಳಿಗಿದೆ? ದಾವೆ ಹೂಡಿದ ದಿನದಿಂದ ಗೌರಿಹಬ್ಬದ ಬಾಗಿನವೂ ನಿಲ್ಲುತ್ತದೆಯೆಂಬುದು ಅವಳಿಗೆ ಗೊತ್ತು. ತವರು ಮತ್ತು ಪಾಲು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟನ್ನು ಅವಳ ಮುಂದಿಡುವುದು ಕಾನೂನಲ್ಲ, ನಮ್ಮ ಕಾಗದ.

ಹೆಣ್ಣುಮಕ್ಕಳಿಗೂ ಪಾಲು ಕೊಡುತ್ತ ಹೋದರೆ ಹಿಡುವಳಿ ಚೂರುಚೂರಾಗುತ್ತದೆ ಎಂಬ ವಾದವನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಈ ಕುಗ್ಗುವಿಕೆಗೆ ಮುಖ್ಯ ಕಾರಣ ಗಂಡುಮಕ್ಕಳ ನಡುವಿನ ವಿಭಾಗಗಳೇ. ಹಿಡುವಳಿಯ ಗಾತ್ರ ಉಳಿಸುವುದೇ ಗುರಿಯಾದರೆ ಇಂಗ್ಲಿಷರಂತೆ ಹಿರಿಯ ಮಗನೊಬ್ಬನಿಗೇ ಕೊಟ್ಟು, ಉಳಿದ ಗಂಡುಮಕ್ಕಳನ್ನೂ ಬರಿಗೈಲಿ ಕಳುಹಿಸಬೇಕಾದೀತು. ಹಾಗೆ ಹೇಳಲು ಯಾರೂ ಸಿದ್ಧರಿಲ್ಲ. ಒಡೆತನ ಬೇರೆ, ಸಾಗುವಳಿ ಬೇರೆ. ತಂಗಿಯ ಹೆಸರು ಖಾತೆಯಲ್ಲಿದ್ದೂ ಅಣ್ಣನೇ ಉಳಬಹುದು, ಅವಳ ಪಾಲನ್ನು ಬೆಲೆ ಕೊಟ್ಟು ಕೊಳ್ಳಬಹುದು, ಅವಳಾಗಿಯೇ ಹಕ್ಕು ಖುಲಾಸೆ ಪತ್ರ ಬರೆದುಕೊಡಲೂಬಹುದು. ಆದರೆ ಬಿಟ್ಟುಕೊಡುವುದಕ್ಕೂ ಮೊದಲು ಹಕ್ಕು ಅವಳದೆಂದು ಕಾಗದ ಒಪ್ಪಬೇಕು. ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ ಎಂಬ ಇನ್ನೊಂದು ವಾದಕ್ಕೂ ಇದೇ ಉತ್ತರ. ಅಡಕೆ, ತೆಂಗಿನ ತೋಟದ ಇಂದಿನ ಬೆಲೆಯ ಮುಂದೆ ಆ ಚಿನ್ನದ ತೂಕವೆಷ್ಟೆಂದು ಲೆಕ್ಕ ಹಾಕಿದವರು ಕಡಿಮೆ.

ಅಜ್ಜಂಪುರದ ಅಮೃತ ಮಹಲ್ ರಾಸುಗಳು ನಾಡಿಗೇ ಹೆಸರಾದವು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಈ ತಳಿಯ ಸಂವರ್ಧನಾ ಕೇಂದ್ರ ಅಲ್ಲಿದೆ. ತಳಿ ಕಾಯುವ ಯಾವುದೇ ಕೇಂದ್ರದಲ್ಲಿ ಒಂದು ಹೋರಿಯ ವಂಶ ಹೇಳುವಾಗ ತಂದೆಯಷ್ಟೇ ಮುಖ್ಯವಾಗಿ ತಾಯಿಯನ್ನೂ ಹೇಳಬೇಕು. ತಾಯಿ ಗೊತ್ತಿಲ್ಲದ ಹೋರಿಗೆ ವಂಶಾವಳಿಯೇ ಇಲ್ಲ. 1822ರಲ್ಲಿ ಇಂಗ್ಲೆಂಡಿನಲ್ಲಿ ಜಾನುವಾರುಗಳ ಮೊದಲ ವಂಶಾವಳಿ ಪುಸ್ತಕವನ್ನು ಹೊರತಂದ ಕೋಟ್ಸ್‌ಗೂ ಇದು ತಿಳಿದಿತ್ತು. ರಾಸುಗಳ ವಿಷಯದಲ್ಲಿ ತೋರುವ ಈ ವಿವೇಕವನ್ನು ನಾವು ಮನುಷ್ಯರ ವಿಷಯದಲ್ಲಿ ತೋರುತ್ತಿಲ್ಲ.

ಕಡೂರಿನ ನೆಲವೇ ಇದಕ್ಕೊಂದು ಹಳೆಯ ಮಾದರಿಯನ್ನು ಇಟ್ಟುಕೊಂಡಿದೆ. ಅಲ್ಲಿನ ಕೋಟೆ ಬಾಗಿಲ ಬಳಿಯ ಕಂಬದಲ್ಲಿರುವ ಕ್ರಿ.ಶ. 971ರ ಶಾಸನ ಪಾಂಬಬ್ಬೆ ಎಂಬ ಮಹಿಳೆಯದು. ಅವಳು ಗಂಗರ ಬೂತುಗನ ಅಕ್ಕ, ದೋರಪಯ್ಯನ ಅರಸಿ, ನಾಣಬ್ಬೆ ಕಂತಿಯರ ಶಿಷ್ಯೆ. ತಲೆಗೂದಲು ಕಿತ್ತುಕೊಂಡು, ಮೂವತ್ತು ವರ್ಷ ತಪಸ್ಸು ಮಾಡಿ, ವ್ರತದಿಂದ ದೇಹ ಬಿಟ್ಟಳು. ರಾಜವೈಭವವನ್ನೇ ತೊರೆದ ಆಕೆಯನ್ನು ನೆನೆಯುವಾಗಲೂ ಶಾಸನ ಕವಿ ಅವಳ ತವರನ್ನು ಅಳಿಸಲಿಲ್ಲ. ಮದುವೆಯಾದ ಮೇಲೂ, ಸಂಸಾರ ಬಿಟ್ಟ ಮೇಲೂ ಅವಳು ಹುಟ್ಟಿದ ಮನೆಯ ಮಗಳಾಗಿಯೇ ಕಲ್ಲಿನ ಮೇಲೆ ಉಳಿದಳು. ಸಾವಿರ ವರ್ಷಗಳ ಹಿಂದೆ ಕಲ್ಲಿಗೆ ಸಾಧ್ಯವಾದದ್ದು ಇಂದಿನ ಕಾಗದಕ್ಕೆ ಏಕೆ ಸಾಧ್ಯವಾಗಬಾರದು?

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ವಂಶವೃಕ್ಷದ ಅರ್ಜಿಯಲ್ಲಿ ಹೆಣ್ಣುಮಕ್ಕಳಿಗೆಂದೇ, ತೀರಿಕೊಂಡ ಮಗಳ ಮಕ್ಕಳಿಗೆಂದೇ ಪ್ರತ್ಯೇಕ ಅಂಕಣವಿರಲಿ. ‘ಹೆಣ್ಣುಮಕ್ಕಳಿಲ್ಲ’ ಎಂದಾದರೆ ಅದನ್ನೂ ಬರೆದು ಸಹಿ ಮಾಡಲಿ. ಹಳೆಯ ಪಡಿತರ ಚೀಟಿ, ಶಾಲಾ ದಾಖಲೆಗಳೊಂದಿಗೆ ತಾಳೆ ನೋಡಿದ ಮೇಲೆಯೇ ಅಧಿಕಾರಿ ದೃಢೀಕರಿಸಲಿ. ಪೌತಿ ಖಾತೆಯ ತಿಳುವಳಿಕೆ ಪತ್ರ ಗಂಡನ ಮನೆಯಲ್ಲಿರುವ ಮಗಳಿಗೂ ಅಂಚೆಯಲ್ಲಿ ತಲುಪಲಿ. ಮಹಜರಿಗೆ ರುಜು ಹಾಕುವ ನೆರೆಯವರು, ತಾವು ಹಸೆಮಣೆಯ ಮೇಲೆ ಅಕ್ಷತೆ ಹಾಕಿ ಹರಸಿದ ಹುಡುಗಿ ಆ ಹಾಳೆಯಲ್ಲಿ ಇದ್ದಾಳೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.

ನೂರು ವರ್ಷಗಳ ಮೇಲೆ ಯಾರಾದರೂ ತರೀಕೆರೆಯ ಅಥವಾ ಅಜ್ಜಂಪುರದ ಒಂದು ಮನೆತನದ ಬೇರು ಹುಡುಕಲು ಹೊರಟಾರು. ಆಗ ಅವರ ಕೈಗೆ ಸಿಗುವುದು ಹೆಳವನ ಹಾಡಲ್ಲ, ನಾವು ಇಂದು ರುಜು ಹಾಕುತ್ತಿರುವ ಈ ಹಾಳೆಗಳೇ. ಅವುಗಳಲ್ಲಿ ಇಲ್ಲದ ಹೆಸರು ಅವರ ಪಾಲಿಗೆ ಹುಟ್ಟೇ ಇರಲಿಲ್ಲ.