ಒಂದೇ ಕಾರ್ಖಾನೆ, ಎರಡು ಬ್ರ್ಯಾಂಡ್‌ ಕಾರು! ಏನಿದು 'ಫ್ಲೆಕ್ಸಿಬಲ್' ತಯಾರಿಕೆ? ಸಂಶೋಧಕರ ಕಣ್ಣು ತಪ್ಪಿದ್ದು ಎಲ್ಲಿ?

ಪುಣೆ: ವಿಮಾನ ನಗರದ ಪಕ್ಕದ ನಗರ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ರಂಜನಗಾಂವ್ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇಲ್ಲಿನ ಫಿಯೆಟ್-ಟಾಟಾ ಜಂಟಿ ಕಾರ್ಖಾನೆಯಲ್ಲಿ ಜೀಪ್ ಕಂಪಾಸ್ ಕೂಡ ತಯಾರಾಗಿದೆ, ಟಾಟಾ ನೆಕ್ಸಾನ್ ಕೂಡ. ಶೋರೂಂ ಬೇರೆ ಬೇರೆ, ಕಾರು ಹೊರಬರುವ ಗೇಟು ಮಾತ್ರ ಒಂದೇ!

ಹೆಚ್ಚು ಸಮಯ, ಹಣ ವ್ಯರ್ಥವಾಗದಂತೆ ಉತ್ಪನ್ನವನ್ನೋ ಪ್ರಮಾಣವನ್ನೋ ಬದಲಿಸುವ ಈ ಶಕ್ತಿಗೆ ಮ್ಯಾನುಫ್ಯಾಕ್ಚರಿಂಗ್ ಫ್ಲೆಕ್ಸಿಬಿಲಿಟಿ ಎನ್ನುತ್ತಾರೆ. 1990ರಲ್ಲಿ ಆಂಡ್ರಿಯಾ ಸೇಥಿ ಮತ್ತು ಸುರೇಶ್ ಸೇಥಿ ಇದರಲ್ಲಿ 11 ಬಗೆಗಳನ್ನು ಗುರುತಿಸಿದ್ದರು. ಯಂತ್ರದ್ದು, ಉತ್ಪನ್ನದ್ದು, ಪ್ರಮಾಣದ್ದು... ಹೀಗೆ ಪಟ್ಟಿ ಉದ್ದವಿದೆ.

ಯಂತ್ರವೋ, ಮನುಷ್ಯನೋ?

ದುಬಾರಿ ಕಂಪ್ಯೂಟರ್ ವ್ಯವಸ್ಥೆ ತಂದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಆಗ ಬಲವಾಗಿತ್ತು. ಹಾರ್ವರ್ಡ್‌ನ ಡೇವಿಡ್ ಅಪ್ಟನ್ ಉತ್ತರ ಅಮೆರಿಕದ 61 ಕಾಗದ ಕಾರ್ಖಾನೆಗಳನ್ನು ಅಧ್ಯಯನ ಮಾಡಿ, 1995ರಲ್ಲಿ ಬೇರೆಯದೇ ಉತ್ತರ ಕೊಟ್ಟರು. ಕಾರ್ಖಾನೆ ಎಷ್ಟು ಬೇಗ ಬದಲಾಗುತ್ತದೆ ಎಂಬುದು ಯಂತ್ರಕ್ಕಿಂತ ಹೆಚ್ಚಾಗಿ ಜನರ ಮೇಲೆ ನಿಂತಿದೆ ಎಂದರು.

ನಮ್ಮಲ್ಲಿ ಇದರ ಪರೀಕ್ಷೆ ನಡೆದದ್ದು 2020ರಲ್ಲಿ. ರಕ್ಷಣಾ ಎಲೆಕ್ಟ್ರಾನಿಕ್ಸ್ ತಯಾರಿಸುವ ಬೆಂಗಳೂರಿನ ಬಿಇಎಲ್‌ಗೆ ಕೇಂದ್ರ ಸರ್ಕಾರ 30,000 ವೆಂಟಿಲೇಟರ್‌ಗಳ ಆರ್ಡರ್ ನೀಡಿತು. ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯದ್ದು. ಯಂತ್ರಗಳಿದ್ದವು, ಎಂಜಿನಿಯರ್‌ಗಳೂ ಇದ್ದರು. ಕಾಡಿದ್ದು ಆಮದಾಗುತ್ತಿದ್ದ ಚಿಕ್ಕ ಚಿಕ್ಕ ವಾಲ್ವ್‌ಗಳು! ಅವುಗಳನ್ನೂ ದೇಶದಲ್ಲೇ ರೂಪಿಸಬೇಕಾಯಿತು. ಪುಣೆಯ ನೋಕ್ಕಾ ರೊಬೊಟಿಕ್ಸ್ ಕಥೆ ಇನ್ನೂ ಸ್ವಾರಸ್ಯಕರ. ಸೋಲಾರ್ ಫಲಕ ಒರೆಸುವ ರೋಬೋ ಮಾಡುತ್ತಿದ್ದ ಯುವಕರು ಐಐಟಿ ಕಾನ್ಪುರದ ನೆರವಿನಿಂದ ವೆಂಟಿಲೇಟರ್ ತಯಾರಿಕೆಗೆ ಇಳಿದರು.

ಕೊರತೆ ಎಲ್ಲಿದೆ?

ಈಗಿನ ಸಂಶೋಧನೆಗಳ ಒಲವು ಇಂಡಸ್ಟ್ರಿ 4.0, 3ಡಿ ಪ್ರಿಂಟಿಂಗ್, ಪೂರೈಕೆ ಸರಪಳಿಯ ಕಡೆಗೆ. ಆದರೆ ಫ್ಲೆಕ್ಸಿಬಿಲಿಟಿಯನ್ನು ಅಳೆಯಲು ಎಲ್ಲರೂ ಒಪ್ಪುವ ಅಳತೆಗೋಲು ಇಂದಿಗೂ ಇಲ್ಲ. ಬಹಳಷ್ಟು ಅಧ್ಯಯನಗಳು ಮ್ಯಾನೇಜರ್‌ಗಳು ತುಂಬಿಕೊಟ್ಟ ಪ್ರಶ್ನಾವಳಿಯನ್ನೇ ನೆಚ್ಚಿಕೊಂಡಿವೆ. ಪೀಣ್ಯದಲ್ಲೋ ಭೋಸರಿಯಲ್ಲೋ ಎರಡು ಲೇಥ್ ಇಟ್ಟುಕೊಂಡು, ಬೆಳಿಗ್ಗೆ ಒಂದು ಪಾರ್ಟ್, ಸಂಜೆ ಇನ್ನೊಂದು ಪಾರ್ಟ್ ಮಾಡಿಕೊಡುವ ವರ್ಕ್‌ಶಾಪ್‌ಗಳ ಬಗ್ಗೆ ಬರೆದವರು ಕಡಿಮೆ. ದೊಡ್ಡ ಕಂಪನಿಯ ಫ್ಲೆಕ್ಸಿಬಿಲಿಟಿ ನಿಂತಿರುವುದು ಇಂಥವರ ಮೇಲೆಯೇ.

ಕಾರ್ಮಿಕರ ಪ್ರಶ್ನೆ ಇನ್ನೂ ಕಠಿಣ. ಆರ್ಡರ್ ಏರಿದಾಗ ಗುತ್ತಿಗೆ ನೌಕರರನ್ನು ಸೇರಿಸಿಕೊಂಡು, ಇಳಿದಾಗ ಮನೆಗೆ ಕಳಿಸುವುದೂ ಲೆಕ್ಕದಲ್ಲಿ 'ಪ್ರಮಾಣದ ಫ್ಲೆಕ್ಸಿಬಿಲಿಟಿ'ಯೇ. 2018ರಲ್ಲಿ ಕೇಂದ್ರವು ನಿಗದಿತ ಅವಧಿಯ ನೇಮಕಾತಿಯನ್ನು ಎಲ್ಲ ವಲಯಗಳಿಗೂ ವಿಸ್ತರಿಸಿತು. ಅವಧಿ ಮುಗಿದ ನೌಕರ ಕಲಿತ ಕೆಲಸವನ್ನೂ ಜೊತೆಗೇ ಒಯ್ಯುತ್ತಾನೆ. ಆ ನಷ್ಟ ಮ್ಯಾನೇಜರ್ ತುಂಬುವ ಪ್ರಶ್ನಾವಳಿಯಲ್ಲಿ ಕಾಣುವುದು ಕಷ್ಟ.