ಮಳೆಯ ಮೇಲೆ ಪಣವೊಡ್ಡಬಹುದೇ?

ಬೈಯಪ್ಪನಹಳ್ಳಿಯ ಗೃಹಿಣಿಯೊಬ್ಬಳು ಸಂಜೆಯ ಹೊತ್ತಿನಲ್ಲಿ ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ತೆಗೆಯುತ್ತಿರುವಾಗ ಮೂಡಲಲ್ಲಿ ಕಾರ್ಮೋಡ ಕವಿದುದನ್ನು ಕಂಡಳೆಂದು ಭಾವಿಸೋಣ. ಕಚೇರಿಗೆ ಹೋದ ಯಜಮಾನರು ಮೆಟ್ರೋ ನಿಲ್ದಾಣದಿಂದ ನೆನೆಯದೆ ಬಂದಾರೇ, ಪಾಠಕ್ಕೆ ಹೋದ ಮಗಳು ದಾರಿಯಲ್ಲಿ ಸಿಕ್ಕಿಕೊಂಡಾಳೇ, ತಗ್ಗಿನಲ್ಲಿರುವ ನೆರೆಯವರ ಮನೆಗೆ ಚರಂಡಿಯ ನೀರು ಹೊಕ್ಕೀತೇ ಎಂಬಿವೇ ಆಕೆಯ ಮನಸ್ಸಿನಲ್ಲಿ ಏಳುವ ಚಿಂತೆಗಳು. ಅದೇ ಮೋಡವನ್ನು ಕುರಿತು ಎಲ್ಲಿಯೋ ಕುಳಿತ ಬೇರೊಬ್ಬನು, ಬೆಳಗಾಗುವುದರೊಳಗೆ ನಾಲ್ಕು ಅಂಗುಲ ಮಳೆ ಸುರಿಯುವುದೆಂದು ಹಣ ಕಟ್ಟಿದ್ದಾನೆಂದೂ ಭಾವಿಸೋಣ. ಮಳೆ ನಿಲ್ಲಲಿ ಎಂದು ಈಕೆ ಬೇಡುವಾಗ, ಇನ್ನಷ್ಟು ಸುರಿಯಲಿ ಎಂದು ಅವನು ಬೇಡುವನು. ಒಬ್ಬರ ಕಂಟಕವೇ ಮತ್ತೊಬ್ಬನ ಲಾಭವಾಗುವ ಇಂತಹ ವ್ಯವಹಾರವನ್ನು ಸಮಾಜವು ಸಹಿಸಬಹುದೇ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇದು ಬರಿಯ ಕಲ್ಪನೆಯೆಂದು ವಾಚಕರು ತಿಳಿಯಬಾರದು. ಮುಂದೆ ನಡೆಯಬಹುದಾದ ಸಂಗತಿಗಳ ಮೇಲೆ ಪಣವೊಡ್ಡುವ ಪೇಟೆಗಳು ಅಮೆರಿಕದಲ್ಲಿ ಈಚೆಗೆ ಬಹಳವಾಗಿ ಬೆಳೆದಿವೆ. ಅಲ್ಲಿ ಒಂದೊಂದು ಪ್ರಶ್ನೆಗೂ ‘ಹೌದು’, ‘ಅಲ್ಲ’ ಎಂಬ ಎರಡು ಬಗೆಯ ಚೀಟಿಗಳುಂಟು. ಮೂವತ್ತು ಸೆಂಟು ಕೊಟ್ಟು ‘ಹೌದು’ ಚೀಟಿಯನ್ನು ಕೊಂಡವನಿಗೆ, ಆ ಸಂಗತಿಯು ನಡೆದರೆ ಒಂದು ಡಾಲರು ದೊರೆಯುವುದು. ನಡೆಯದಿದ್ದರೆ ಚೀಟಿ ಕಸಕ್ಕೆ ಸಮಾನ. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದ ಸುತ್ತ ಕಾಳ್ಗಿಚ್ಚು ಹಬ್ಬಿ ಸಹಸ್ರಾರು ಮನೆಗಳು ಭಸ್ಮವಾಗುತ್ತಿದ್ದಾಗ, ಬೆಂಕಿಯು ಎಷ್ಟು ಎಕರೆ ಸುಡುವುದು, ಯಾವ ದಿನದೊಳಗೆ ಹತೋಟಿಗೆ ಬರುವುದು ಎಂದು ಪಾಲಿಮಾರ್ಕೆಟ್ ಎಂಬ ಪೇಟೆಯಲ್ಲಿ ಜನರು ಹಣ ಹೂಡಿದರು.

ನಮ್ಮ ದೇಶಕ್ಕೆ ಈ ಚಟವು ಹೊಸದಲ್ಲ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಕಲ್ಕತ್ತೆಯ ಬಡಾ ಬಜಾರಿನಲ್ಲಿ ಮಳೆಯ ಜೂಜು ಬಹಿರಂಗವಾಗಿ ನಡೆಯುತ್ತಿತ್ತು. ಮಾಡಿನ ಮೇಲೆ ಬಿದ್ದ ನೀರು ಗೊತ್ತಾದ ವೇಳೆಯೊಳಗೆ ತುಂಬಿ ಹೊರಗೆ ಹರಿಯುವುದೋ ಇಲ್ಲವೋ ಎಂಬುದೇ ಪಣ. ಇದು ನಮ್ಮ ಪೂರ್ವಿಕರ ರೂಢಿ, ಮೋಡದ ಗತಿಯನ್ನರಿಯುವ ಚಾತುರ್ಯ, ಬರಿಯ ಜೂಜಲ್ಲ ಎಂದು ಅದರಲ್ಲಿ ತೊಡಗಿದ್ದ ವರ್ತಕರು ವಾದಿಸಿದರು. ಆದರೂ ೧೮೯೭ರಲ್ಲಿ ಬಂಗಾಳದ ಶಾಸನಸಭೆಯು ಅದನ್ನು ನಿಷೇಧಿಸಿತು. ಮುಂಬಯಿ ಪ್ರಾಂತದಲ್ಲಿ ಅದಕ್ಕೂ ಮುಂಚೆಯೇ, ೧೮೮೭ರ ದ್ಯೂತ ನಿರೋಧ ಶಾಸನಕ್ಕೆ ೧೮೯೦ರಲ್ಲಿ ತಂದ ತಿದ್ದುಪಡಿಯಿಂದ, ಮಳೆಯ ಪಣವು ಕಾಯಿದೆಯ ಕೈಗೆ ಸಿಕ್ಕಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತಕ್ಕೇ ಸೇರಿದ್ದುವಷ್ಟೆ.

ಆ ವಿವೇಕವು ನಮ್ಮ ನಾಡಿನ ಕಾಯಿದೆಯಲ್ಲಿಯೂ ಉಳಿದಿದೆ. ೧೯೬೩ರ ಕರ್ನಾಟಕ ಪೋಲೀಸ್ ಅಧಿನಿಯಮದ ೭೮ನೆಯ ಪ್ರಕರಣವನ್ನು ಓದಿದರೆ, ಕುದುರೆಯ ಪಂದ್ಯ, ಹತ್ತಿಯ ಧಾರಣೆ ಮೊದಲಾದವುಗಳ ಸಾಲಿನಲ್ಲಿ ಮಳೆ ಬರುವುದು ಅಥವಾ ಬಾರದಿರುವುದು, ಮಳೆಯ ಪ್ರಮಾಣ, ಇತರ ನೈಸರ್ಗಿಕ ಘಟನೆ ಎಂಬಿವನ್ನೂ ಹೆಸರಿಸಿ, ಇವುಗಳ ಮೇಲೆ ಜೂಜಿನ ಕಟ್ಟೆ ನಡೆಸುವುದನ್ನು ಅಪರಾಧವೆಂದು ಹೇಳಿರುವುದು ಕಾಣುತ್ತದೆ. ಆದರೆ ಅಂದಿನ ಜೂಜಿಗೆ ಒಂದು ಕೊಠಡಿ, ಒಂದು ಬಾಗಿಲು ಇದ್ದವು. ಪೋಲೀಸರು ಹೋಗಿ ತಟ್ಟಬಹುದಾಗಿತ್ತು. ಇಂದಿನದು ಅಂಗೈಯಗಲದ ದೂರವಾಣಿಯೊಳಗೆ ಅಡಗಿ ನಡುಮನೆಗೇ ಬರಬಲ್ಲುದು.

ಕೇಂದ್ರ ಸರ್ಕಾರದವರು ತಂದ ಆನ್‌ಲೈನ್ ಆಟಗಳ ಶಾಸನಕ್ಕೆ ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಚಾತುರ್ಯದ್ದಾಗಲಿ ಅದೃಷ್ಟದ್ದಾಗಲಿ, ಹಣವೊಡ್ಡಿ ಆಡುವ ಆಟವನ್ನೆಲ್ಲ ಅದು ನಿಷೇಧಿಸುತ್ತದೆ. ‘ಅಭಿಪ್ರಾಯ ವ್ಯಾಪಾರ’ವೆಂಬ ಸಭ್ಯನಾಮದಿಂದ ನಡೆಯುತ್ತಿದ್ದ ಕೆಲವು ದೇಶೀಯ ಪೇಟೆಗಳು ಆ ಬಳಿಕ ಹಣದ ವ್ಯವಹಾರವನ್ನು ನಿಲ್ಲಿಸಿದವು. ಇದು ಸಂತೋಷದ ಸಂಗತಿಯೇ. ಆದರೆ ನೆರೆಯ ಮೇಲೆ ಕೊಂಡ ಚೀಟಿಯನ್ನು ‘ಆಟ’ವೆನ್ನಬೇಕೆ, ‘ವ್ಯಾಪಾರ’ವೆನ್ನಬೇಕೆ ಎಂದು ನಾಳೆ ವಕೀಲರು ವಾದಿಸದಿರುವರೇ? ಆದಕಾರಣ ಹಳೆಯ ಶಾಸನಕರ್ತರು ಮಳೆಯನ್ನು ಹೆಸರು ಹಿಡಿದು ಬರೆದಂತೆ, ನೆರೆ, ಭೂಕಂಪ, ಬಿರುಗಾಳಿ, ಗುಡ್ಡಕುಸಿತಗಳನ್ನೂ ಹೊಸ ಕಾಯಿದೆಯಲ್ಲಿ ಹೆಸರು ಹಿಡಿದೇ ಬರೆಯುವುದು ಯುಕ್ತವೆಂದು ತೋರುತ್ತದೆ.

ಪೇಟೆಯ ಪಕ್ಷದವರು ಹೇಳುವ ಮಾತನ್ನೂ ಕೇಳಬೇಕಾದುದು ನ್ಯಾಯ. ಹಣ ಕಟ್ಟುವವನು ಎಚ್ಚರದಿಂದ ಯೋಚಿಸುವನು. ಹಲವರ ತಿಳಿವು ಚೀಟಿಯ ಬೆಲೆಯಲ್ಲಿ ಒಟ್ಟುಗೂಡುವುದರಿಂದ ಮುನ್ಸೂಚನೆ ದೊರೆಯುವುದು ಎಂದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಮುನ್ಸೂಚನೆಗೆ ಪಣವೇ ಬೇಕೆ? ಕೌಟಿಲ್ಯನು ಉಗ್ರಾಣದಲ್ಲಿ ಮಳೆಯನ್ನಳೆಯುವ ಕುಂಡವನ್ನಿಡಬೇಕೆಂದು ಅರ್ಥಶಾಸ್ತ್ರದಲ್ಲಿ ವಿಧಿಸಿದುದು ಬೆಳೆಯ ಹಿತಕ್ಕಾಗಿ. ಯುಗಾದಿಯ ದಿನ ಪಂಚಾಂಗದಲ್ಲಿ ಮಳೆಬೆಳೆಯ ಫಲವನ್ನು ಕೇಳುವವರೂ, ಮೈಲಾರದಲ್ಲಿ ಬಿಲ್ಲನ್ನೇರಿದ ಗೊರವಯ್ಯನ ಕಾರಣಿಕಕ್ಕೆ ಕಿವಿಗೊಡುವ ರೈತರೂ ಪಣಕ್ಕಾಗಿ ಕೇಳುವವರಲ್ಲ, ಬಿತ್ತನೆಗಾಗಿ ಕೇಳುವವರು. ಇಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ಮಳೆಮಾಪಕಗಳನ್ನಿಟ್ಟು ವಿವರವನ್ನು ಸಾರುತ್ತಿದೆ. ಅದಕ್ಕೆ ಯಾರೂ ಪಣವೊಡ್ಡಬೇಕಾಗಿಲ್ಲ.

ವಿಮೆಯೂ ಒಂದು ಪಣವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಮಳೆಯ ಏರುಪೇರಿಗೆ ವಿಮೆ ಮಾಡಿಸಿದ ಮಲೆನಾಡಿನ ಅಡಕೆಯ ಬೆಳೆಗಾರನಿಗೆ ತೋಟವು ಸ್ವಂತದ್ದು. ಹಾನಿಯು ಮೊದಲು ಅವನದು, ಹಣ ಬರುವುದು ಆ ಬಳಿಕ, ಅದೂ ಹಾನಿಯನ್ನು ತುಂಬುವುದಕ್ಕೆ. ಪಣವೊಡ್ಡಿದವನಿಗಾದರೋ ಕಳೆದುಕೊಳ್ಳಲು ತೋಟವಿಲ್ಲ, ಮನೆಯಿಲ್ಲ. ತನಗೆ ಸಂಬಂಧವಿಲ್ಲದವರ ಪ್ರಾಣದ ಮೇಲೆ ವಿಮೆ ಪಡೆದು ಅವರ ಮರಣವನ್ನೇ ಕಾಯುವ ದುರಭ್ಯಾಸವನ್ನು ಬ್ರಿಟನ್ನಿನವರು ೧೭೭೪ರಷ್ಟು ಹಿಂದೆಯೇ ಕಾಯಿದೆಯಿಂದ ತಡೆದರು. ನೆರೆಯ ಪಣಕ್ಕೂ ಅದೇ ನ್ಯಾಯವು ಸಲ್ಲತಕ್ಕದ್ದು. ಇನ್ನೂ ಭಯಂಕರವಾದುದೊಂದುಂಟು: ರಾಜಕಾಲುವೆಯ ಹೂಳನ್ನು ತೆಗೆಯಿಸಬೇಕಾದವನೋ, ಕೆರೆಯ ತೂಬನ್ನು ಕಾಯಬೇಕಾದವನೋ ಗುಟ್ಟಾಗಿ ‘ಹೌದು’ ಚೀಟಿಯನ್ನು ಕೊಂಡರೆ, ಅವನ ಸೋಮಾರಿತನಕ್ಕೇ ಸಂಬಳ ಸಿಕ್ಕಿದಂತಾಗುವುದಿಲ್ಲವೇ?

ನಮ್ಮೂರಿನ ಮಳೆಯು ವಿನೋದದ ವಸ್ತುವಲ್ಲ. ೨೦೨೨ರ ಸೆಪ್ಟೆಂಬರ್ ೪ರ ರಾತ್ರಿ ಬೆಂಗಳೂರಿನಲ್ಲಿ ೧೩೧.೬ ಮಿಲಿಮೀಟರ್, ಅಂದರೆ ಐದು ಅಂಗುಲಕ್ಕೂ ಹೆಚ್ಚು ಮಳೆ ಬಿದ್ದು, ನಗರದ ಪೂರ್ವಭಾಗದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ೨೦೨೪ರ ಅಕ್ಟೋಬರ್ ೨೨ರಂದು ಬೈಯಪ್ಪನಹಳ್ಳಿಗೆ ದೂರವಲ್ಲದ ಬಾಬುಸಾಬ್‌ಪಾಳ್ಯದಲ್ಲಿ, ಬಿರುಮಳೆಯ ದಿನವೇ, ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಒಂಬತ್ತು ಮಂದಿ ಮಡಿದರು. ಆ ಸಂಖ್ಯೆಯನ್ನು ಮುಂದಾಗಿ ಊಹಿಸಿ ಯಾರಾದರೂ ಹಣ ಗೆದ್ದಿದ್ದರೆ, ಆ ಹಣದಿಂದ ತಂದ ಅಕ್ಕಿಯು ಯಾರ ಮನೆಯಲ್ಲಿ ಬೆಂದೀತು?

ಬೈಯಪ್ಪನಹಳ್ಳಿಯ ದೊಡ್ಡ ರೈಲು ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟಿದ್ದಾರೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದಿನಲ್ಲಿ ಸಹಸ್ರಾರು ಜನರನ್ನು ಕೊಚ್ಚಿಕೊಂಡು ಹೋದಾಗ, ಮರುವರ್ಷ ಆ ಸಂಸ್ಥಾನದವರು ಅವರನ್ನು ಕರೆಯಿಸಿಕೊಂಡರು. ಅವರು ಮಳೆಯ ಲೆಕ್ಕಗಳನ್ನು ಪರಿಶೀಲಿಸಿ, ನೆರೆಯನ್ನು ತಡೆಹಿಡಿಯುವ ಜಲಾಶಯಗಳನ್ನು ಸೂಚಿಸಿದರು. ಅವರೂ ಬರಲಿರುವ ಮಳೆಯನ್ನೇ ಊಹಿಸಿದರು. ಆದರೆ ಆ ಊಹೆಯ ಗೆಲವೆಂದರೆ ಊರು ಉಳಿಯುವುದು.

ಮಕ್ಕಳು ದೂರವಾಣಿಯಲ್ಲಿ ಇಂತಹ ಪಣವನ್ನು ಕಂಡು ಇದರಲ್ಲಿ ತಪ್ಪೇನು ಎಂದು ಕೇಳಿದರೆ, ಹಣ ಹೋಗುವುದೆಂದು ಮಾತ್ರ ಹೇಳಿ ಸುಮ್ಮನಾಗಬೇಡಿರಿ. ಸೋತವನ ಹಣ ಮಾತ್ರ ಹೋಗುವುದು. ಗೆಲ್ಲಬೇಕೆಂದಿರುವವನು ನೆರೆಮನೆಗೆ ನೀರು ನುಗ್ಗಲೆಂದು ಹಾರೈಸಬೇಕಾಗುವುದೆಂಬುದನ್ನು ತಿಳಿಸಿ ಹೇಳಿರಿ. ಮೋಡ ಕವಿದಾಗ ನೆರೆಮನೆಯ ಬಾಗಿಲು ತಟ್ಟಿ ಎಚ್ಚರಿಸುವ ರೂಢಿಯು ನಮ್ಮ ಬೀದಿಗಳಲ್ಲಿ ಬಾಳಲಿ.